ಅರ್ಧ ಅಂಗುಲದ ಸರಪಣಿ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವುಗಳ ಹುಟ್ಟನ್ನು ಮಾತ್ರ ವರ್ಣಿಸುತ್ತಾರೆ. ಯಾವ ಇಸವಿಯಲ್ಲಿ, ಯಾವ ಊರಿನಲ್ಲಿ, ಯಾವ ಶಿಲ್ಪಿಯು ಯಾವ ಯಂತ್ರವನ್ನು ಕಲ್ಪಿಸಿದನೆಂಬುದು ಗ್ರಂಥಗಳಲ್ಲಿ ವಿಸ್ತಾರವಾಗಿ ದೊರೆಯುವುದು. ಆ ಯಂತ್ರವು ಮನೆಗೆ ಬಂದ ಮೇಲೆ ಹೇಗೆ ಸವೆಯಿತು, ಸವೆದ ಅಂಗವನ್ನು ತೆಗೆದು ಬೇರೊಂದನ್ನು ಹಾಕಲು ಸಾಧ್ಯವಾಯಿತೇ ಇಲ್ಲವೇ ಎಂಬ ವಿಚಾರವಾದರೋ ಚರಿತ್ರಕಾರರ ಲಕ್ಷ್ಯಕ್ಕೆ ಬರುವುದು ಅಪೂರ್ವ. ಆದರೆ ಯಂತ್ರವನ್ನು ಕೊಂಡ ಗೃಹಸ್ಥನಿಗೆ ಹುಟ್ಟಿನ ಕಥೆಗಿಂತ ಸವೆತದ ಕಥೆಯೇ ಮುಖ್ಯವಾದದ್ದು. ನೇಗಿಲಿನ ಕುಳ ಸವೆದರೆ ಕಮ್ಮಾರನು ಬೇರೆ ಕುಳವನ್ನು ಹಾಕಿಕೊಡುವನು. ಗಾಡಿಯ ಅಚ್ಚು ಸವೆದರೆ ಬಡಗಿಯು ಬೇರೆ ಅಚ್ಚನ್ನು ಕೂಡಿಸುವನು. ಆದುದರಿಂದಲೇ ತಂದೆಯ ನೇಗಿಲು ಮಗನ ಕೈಗೆ ಬರುವುದು. ಕಾರ್ಖಾನೆಯಲ್ಲಿ ಹುಟ್ಟಿದ ಯಂತ್ರಕ್ಕೆ ಈ ಭಾಗ್ಯವು ಉಂಟೇ? ಉಂಟಾದರೆ ಯಾವುದರಿಂದ? ಈ ಪ್ರಶ್ನೆಗೆ ಉತ್ತರವನ್ನು ಬೈಸಿಕಲ್ಲಿನ ಸರಪಣಿಯ ಚರಿತ್ರೆಯು, ವಿಶೇಷವಾಗಿ ಮೌಂಟನ್ ಬೈಕ್ ಎಂದು ಹೆಸರಾದ ಬೆಟ್ಟದ ಬೈಸಿಕಲ್ಲಿನ ಚರಿತ್ರೆಯು, ಸ್ಪಷ್ಟವಾಗಿ ಕೊಡುತ್ತದೆ.

೧. ಸರಪಣಿಯ ಹುಟ್ಟು

ಮೊದಲು ಬೈಸಿಕಲ್ಲಿಗೆ ಸರಪಣಿಯೇ ಇರಲಿಲ್ಲ. ೧೮೬೦ರ ದಶಕದಲ್ಲಿ ಫ್ರಾನ್ಸ್ ದೇಶದಲ್ಲಿ ಬಳಕೆಗೆ ಬಂದ ವೆಲಾಸಿಪೀಡ್ ಎಂಬ ವಾಹನದಲ್ಲಿ ಪೆಡಲುಗಳನ್ನು ಮುಂದಿನ ಚಕ್ರದ ಅಚ್ಚಿಗೇ ಜೋಡಿಸಿದ್ದರು. ಕಾಲು ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು ತಿರುಗುವುದು. ಹೆಚ್ಚು ವೇಗ ಬೇಕಾದರೆ ಚಕ್ರವನ್ನು ದೊಡ್ಡದು ಮಾಡುವುದೊಂದೇ ಉಪಾಯ. ಆದಕಾರಣ ೧೮೭೦ರ ದಶಕದಲ್ಲಿ ಮುಂದಿನ ಚಕ್ರವು ಬೆಳೆಯುತ್ತ ಬೆಳೆಯುತ್ತ ಸವಾರನ ಎದೆಯ ಎತ್ತರಕ್ಕೆ ಬಂದಿತು. ಸವಾರನ ಕಾಲಿನ ಉದ್ದವೇ ಆ ವಾಹನದ ವೇಗಕ್ಕೆ ಮಿತಿಯಾಯಿತು. ದಾರಿಯಲ್ಲಿ ಒಂದು ಕಲ್ಲು ಅಡ್ಡವಾದರೆ ಅಷ್ಟು ಎತ್ತರದಿಂದ ತಲೆಕೆಳಗಾಗಿ ಬೀಳುವ ಭಯವಂತೂ ಸದಾ ಇದ್ದೇ ಇತ್ತು.

ಈ ಕಷ್ಟಕ್ಕೆ ಪರಿಹಾರವು ಸರಪಣಿಯಿಂದ ದೊರೆಯಿತು. ಪೆಡಲನ್ನು ಎರಡು ಚಕ್ರಗಳ ನಡುವೆ ಇಟ್ಟು, ಅದಕ್ಕೆ ಒಂದು ದೊಡ್ಡ ದಂತಚಕ್ರವನ್ನೂ ಹಿಂದಿನ ಚಕ್ರದ ನಾಭಿಗೆ ಒಂದು ಸಣ್ಣ ದಂತಚಕ್ರವನ್ನೂ ಕೂಡಿಸಿ, ಎರಡನ್ನೂ ಸರಪಣಿಯಿಂದ ಬಳಸಿದರೆ, ಚಕ್ರವು ಚಿಕ್ಕದಾಗಿದ್ದರೂ ವೇಗವು ಕಡಮೆಯಾಗಬೇಕಾಗಿಲ್ಲ. ಮುಂದೆ ೪೬ ಹಲ್ಲು, ಹಿಂದೆ ೨೩ ಹಲ್ಲು ಇದ್ದರೆ ಕಾಲಿನ ಒಂದು ಸುತ್ತಿಗೆ ಚಕ್ರವು ಎರಡು ಸುತ್ತು ತಿರುಗುವುದು. ಇಂಗ್ಲೆಂಡಿನಲ್ಲಿ ಲಾಸನ್ ಎಂಬವನು ೧೮೭೯ರಲ್ಲಿ ಇಂಥ ವಾಹನವೊಂದಕ್ಕೆ ಹಕ್ಕುಪತ್ರವನ್ನು ಪಡೆದನು. ೧೮೮೫ರಲ್ಲಿ ಕಾವೆಂಟ್ರಿ ನಗರದ ಜಾನ್ ಕೆಂಪ್ ಸ್ಟಾರ್ಲಿಯು ರೋವರ್ ಎಂಬ ಬೈಸಿಕಲ್ಲನ್ನು ಲೋಕಕ್ಕೆ ತೋರಿಸಿದನು. ಇಂದು ಬೀದಿಯಲ್ಲಿ ಓಡಾಡುವ ಬೈಸಿಕಲ್ಲುಗಳೆಲ್ಲ ಅದರ ಸಂತತಿಯೇ.

ಆದರೆ ವಾಹನವು ಎಷ್ಟು ಚೆನ್ನಾಗಿದ್ದರೇನು? ಸರಪಣಿಯು ಬಾಳದಿದ್ದರೆ ಎಲ್ಲವೂ ವ್ಯರ್ಥ. ೧೮೬೪ರಲ್ಲಿ ಜೇಮ್ಸ್ ಸ್ಲೇಟರ್ ಎಂಬವನು ಹಕ್ಕುಪತ್ರ ಪಡೆದಿದ್ದ ಸರಪಣಿಯಲ್ಲಿ ಉಕ್ಕಿನ ಗೂಟಗಳ ಮೇಲೆ ಉರುಳೆಗಳಿದ್ದವು. ಪಕ್ಕದ ತಗಡುಗಳು ತಮ್ಮ ತೆಳುವಾದ ಅಂಚುಗಳಿಂದಲೇ ಗೂಟವನ್ನು ಹಿಡಿದು ತಿರುಗುತ್ತಿದ್ದವು. ಭಾರವೆಲ್ಲ ಆ ತೆಳುವಾದ ಅಂಚಿನ ಮೇಲೆ ಬೀಳುವುದರಿಂದ ಗೂಟವು ಬೇಗನೆ ಕೊರೆದುಹೋಗುತ್ತಿತ್ತು. ಸ್ವಿಟ್ಜರ್ಲೆಂಡಿನಲ್ಲಿ ೧೮೫೨ರಲ್ಲಿ ಹುಟ್ಟಿ ಮ್ಯಾಂಚೆಸ್ಟರಿನಲ್ಲಿ ನೆಲಸಿದ ಹಾನ್ಸ್ ರೆನಾಲ್ಡ್ ಎಂಬ ಯಂತ್ರಶಿಲ್ಪಿಯು, ಹತ್ತಿಗಿರಣಿಗಳ ಯಂತ್ರಗಳಿಗೆ ಸರಪಣಿಯನ್ನು ಮಾಡುತ್ತಿದ್ದ ಸ್ಲೇಟರನ ಸಣ್ಣ ಕಾರ್ಖಾನೆಯನ್ನು ೧೮೭೯ರಲ್ಲಿ ಕೊಂಡುಕೊಂಡನು. ಮರುವರ್ಷವೇ, ಎಂದರೆ ೧೮೮೦ರಲ್ಲಿ, ಅವನು ಒಂದು ಸುಧಾರಣೆಯನ್ನು ಮಾಡಿದನು. ಗೂಟಕ್ಕೂ ಉರುಳೆಗೂ ನಡುವೆ ಬುಷ್ಷು ಎಂಬ ಒಂದು ಸಣ್ಣ ಕೊಳವೆಯನ್ನು ಇಟ್ಟು, ಒಳತಗಡುಗಳನ್ನು ಅದರ ಎರಡು ತುದಿಗಳಿಗೆ ಭದ್ರಪಡಿಸಿದನು. ಇದರಿಂದ ಗೂಟದ ಮೇಲಿನ ಭಾರವು ಬುಷ್ಷಿನ ಅಗಲವೆಲ್ಲಕ್ಕೂ ಹಂಚಿಹೋಯಿತು. ಉರುಳೆಯು ಹಲ್ಲಿನ ಮೇಲೆ ತೇಯದೆ ಉರುಳಿತು.

ಇಲ್ಲಿ ಗಮನಿಸತಕ್ಕ ಮಾತೊಂದುಂಟು. ರೆನಾಲ್ಡನ ಯುಕ್ತಿಯು ವೇಗಕ್ಕಾಗಿ ಹುಟ್ಟಿದುದಲ್ಲ, ಅಂದಕ್ಕಾಗಿ ಹುಟ್ಟಿದುದಲ್ಲ. ಸವೆತವನ್ನು ತಡೆಯುವುದಕ್ಕಾಗಿಯೇ ಹುಟ್ಟಿದುದು. ಸವೆತವನ್ನು ಪೂರ್ತಿಯಾಗಿ ತಪ್ಪಿಸುವುದು ಅವನಿಂದಲೂ ಆಗಲಿಲ್ಲ. ಅದನ್ನು ನಿಧಾನವಾಗಿಸಿದನು, ಒಂದು ಕ್ರಮಕ್ಕೆ ತಂದನು, ಅಷ್ಟೆ.

೨. ಅರ್ಧ ಅಂಗುಲದ ಕಟ್ಟಳೆ

ಸರಪಣಿಯಲ್ಲಿ ಒಂದು ಗೂಟದ ನಡುವಿನಿಂದ ಮುಂದಿನ ಗೂಟದ ನಡುವಿಗೆ ಇರುವ ದೂರವೇ ಅದರ ಮುಖ್ಯವಾದ ಅಳತೆ. ದಂತಚಕ್ರದ ಹಲ್ಲುಗಳನ್ನು ಅದೇ ದೂರಕ್ಕೆ ಸರಿಯಾಗಿ ಕಡೆದಿರಬೇಕು. ಇಲ್ಲವಾದರೆ ಎರಡೂ ಕೂಡುವುದಿಲ್ಲ. ಮೊದಮೊದಲ ಬೈಸಿಕಲ್ಲುಗಳಲ್ಲಿ ಈ ದೂರವು ಒಂದು ಅಂಗುಲವಾಗಿದ್ದಿತು. ದಿಮ್ಮಿಯಂಥ ಉಕ್ಕಿನ ತುಂಡುಗಳನ್ನು ತಗಡಿನಿಂದ ಪೋಣಿಸಿದ ಸರಪಣಿಗಳೇ ಹೆಚ್ಚು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಉರುಳೆಯ ಸರಪಣಿಯು ಬಳಕೆಗೆ ಬಂದಂತೆ ಅರ್ಧ ಅಂಗುಲದ ಅಳತೆಯು ಕ್ರಮೇಣ ಎಲ್ಲೆಡೆಯೂ ರೂಢಿಯಾಯಿತು. ಮೀಟರಿನ ಮಾನವನ್ನು ಬಳಸುತ್ತಿದ್ದ ಫ್ರೆಂಚರೂ ಇಟಲಿಯವರೂ ಈ ವಿಷಯದಲ್ಲಿ ಆಂಗ್ಲೇಯರ ಅಂಗುಲಕ್ಕೆ ತಲೆಬಾಗಿದರು, ೧೨.೭ ಮಿಲಿಮೀಟರು ಎಂದು ಬೇರೆ ಹೆಸರಿನಿಂದ ಕರೆದರು, ಅಷ್ಟೆ. ಕರ್ನಾಟಕದ ಹಳ್ಳಿಪೇಟೆಗಳಲ್ಲಿ ಹಾಲಿನ ಕ್ಯಾನುಗಳನ್ನು ತೂಗಹಾಕಿಕೊಂಡು ಹೋಗುವ ಸಾಧಾರಣ ಸೈಕಲ್ಲಿನ ಚೈನೂ ಅದೇ ಅರ್ಧ ಅಂಗುಲದ್ದು.

ಈ ಕಟ್ಟಳೆಯ ಮಹತ್ವವನ್ನು ತಿಳಿಯಬೇಕಾದರೆ ಸವೆತದ ರೀತಿಯನ್ನು ಮೊದಲು ತಿಳಿಯಬೇಕು. ಸರಪಣಿಯು ಹಳತಾದರೆ ಉದ್ದವಾಗುವುದೆಂದು ಜನರು ಹೇಳುವರು. ಉಕ್ಕಿನ ತಗಡುಗಳು ಹಿಗ್ಗುವವೆಂದು ಇದರ ಅರ್ಥವಲ್ಲ. ಪ್ರತಿಯೊಂದು ಕೀಲಿನಲ್ಲಿಯೂ ಗೂಟವೂ ಬುಷ್ಷೂ ಒಂದನ್ನೊಂದು ಉಜ್ಜಿ ಕೂದಲೆಳೆಗಿಂತ ಸಣ್ಣದಾದ ಸಂದು ಬೀಳುವುದು. ನೂರಕ್ಕೂ ಮಿಕ್ಕ ಕೀಲುಗಳ ಸಂದುಗಳು ಕೂಡಿ ಸರಪಣಿಯು ಉದ್ದವಾಗುವುದು. ಎಣ್ಣೆಯಲ್ಲಿ ಮರಳೂ ಧೂಳೂ ಸೇರಿದರಂತೂ ಅದು ಸಾಣೆಯ ಪುಡಿಯಂತೆಯೇ ಕೆಲಸ ಮಾಡುವುದು. ಆದುದರಿಂದ ಕೆಸರಿನಲ್ಲಿಯೂ ಕಲ್ಲುಮಣ್ಣಿನಲ್ಲಿಯೂ ಓಡುವ ಬೆಟ್ಟದ ಬೈಸಿಕಲ್ಲಿನ ಸರಪಣಿಯ ಆಯುಸ್ಸು ಡಾಂಬರು ರಸ್ತೆಯ ಬೈಸಿಕಲ್ಲಿನದಕ್ಕಿಂತ ಬಹಳ ಕಡಮೆ.

ಸರಪಣಿಯ ಅಂತರವು ಹೆಚ್ಚಿದಂತೆ ಅದರ ಉರುಳೆಗಳು ಹಲ್ಲಿನ ಬುಡವನ್ನು ಬಿಟ್ಟು ಮೇಲಕ್ಕೆ ಏರುತ್ತವೆ. ಏರಿ, ಹಲ್ಲುಗಳನ್ನು ತಮ್ಮ ಹೊಸ ಅಂತರಕ್ಕೆ ತಕ್ಕಂತೆ ತೇಯುತ್ತವೆ. ನೆಟ್ಟಗಿದ್ದ ಹಲ್ಲು ಕೊಕ್ಕೆಯಂತೆ ಬಾಗಿದ ಆಕಾರವನ್ನು ಪಡೆಯುವುದು. ಚಿಕ್ಕ ದಂತಚಕ್ರಗಳು ಮೊದಲು ಕೆಡುತ್ತವೆ. ಏಕೆಂದರೆ ೪೬ ಹಲ್ಲಿನ ಚಕ್ರವು ಒಮ್ಮೆ ತಿರುಗುವಷ್ಟರಲ್ಲಿ ೧೩ ಹಲ್ಲಿನದು ಮೂರೂವರೆ ಸಲ ತಿರುಗಿರುತ್ತದೆ. ಹೀಗೆ ಸರಪಣಿ ಮತ್ತು ದಂತಚಕ್ರಗಳು ಕೂಡಿಯೇ ಮುದಿಯಾಗುತ್ತವೆ. ಒಂದಕ್ಕೊಂದು ಹೊಂದಿಕೊಂಡು, ಹೊರಗಿನವರಿಗೆ ದೋಷ ಕಾಣದಂತೆ, ಬಹು ದಿನ ನಡೆಯುತ್ತವೆ. ಆಗ ಯಾವನಾದರೂ ಹೊಸ ಸರಪಣಿಯನ್ನು ಮಾತ್ರ ತಂದು ಹಾಕಿದನೆಂದರೆ, ಅದರ ಸರಿಯಾದ ಅರ್ಧ ಅಂಗುಲಕ್ಕೆ ಆ ಕೆಟ್ಟ ಹಲ್ಲುಗಳು ಒಗ್ಗುವುದಿಲ್ಲ. ಏರಿನಲ್ಲಿ ಬಲವಾಗಿ ತುಳಿದೊಡನೆ ಸರಪಣಿಯು ಹಲ್ಲಿನ ಮೇಲೆ ಹಾರಿ ಜಾರುವುದು. ಸವಾರನು ಮುಂದಕ್ಕೆ ಮುಗ್ಗರಿಸುವನು. ಹೊಸದನ್ನು ಹಾಕಿದ ಮೇಲೆಯೇ ಕೆಟ್ಟಿತೆಂದು ಅವನು ಹೊಸದನ್ನು ಬಯ್ಯುವನು; ನಿಜವಾಗಿ ಕೆಟ್ಟದ್ದು ಹಳೆಯದು.

ಇದಕ್ಕೆ ಔಷಧವು ಕಾಲಕ್ಕೆ ಸರಿಯಾಗಿ ಅಳೆಯುವುದು. ಹೊಸ ಸರಪಣಿಯ ೨೪ ಕೊಂಡಿಗಳು ಸರಿಯಾಗಿ ೧೨ ಅಂಗುಲವಿರುತ್ತವೆ. ಒಂದು ಗೂಟದ ನಡುವಿಗೆ ಅಳತೆಗೋಲಿನ ತುದಿಯನ್ನು ಹಿಡಿದು ನೋಡಿದಾಗ ೧೨ ಅಂಗುಲದ ಗೆರೆಯನ್ನು ಗೂಟವು ಅಂಗುಲದ ಹದಿನಾರನೆಯ ಒಂದು ಪಾಲಿನಷ್ಟು ದಾಟಿದ್ದರೆ, ಎಂದರೆ ನೂರಕ್ಕೆ ಅರ್ಧದಷ್ಟು ಬೆಳೆದಿದ್ದರೆ, ಸರಪಣಿಯನ್ನು ಬದಲಾಯಿಸಬೇಕು, ಹಲ್ಲುಗಳು ಉಳಿಯುತ್ತವೆ. ಎಂಟನೆಯ ಒಂದು ಪಾಲು ದಾಟಿದ್ದರೆ ಹಲ್ಲುಗಳೂ ಕೆಟ್ಟಿರುವುದು ಬಹುಮಟ್ಟಿಗೆ ನಿಶ್ಚಯ. ಒಂದೊಂದು ಕೀಲಿನ ಲೆಕ್ಕದಲ್ಲಿ ನೋಡಿದರೆ ಅರ್ಧ ಪಾಲಿನ ಬೆಳವಣಿಗೆಯೆಂದರೆ ಮಿಲಿಮೀಟರಿನ ನೂರರಲ್ಲಿ ಆರು ಭಾಗ ಮಾತ್ರ. ಇಷ್ಟು ಸೂಕ್ಷ್ಮವಾದ ಸವೆತವನ್ನು ಮನೆಯ ಅಳತೆಗೋಲಿನಿಂದಲೇ ಕಂಡುಹಿಡಿಯಬಹುದಾದದ್ದು ಎಲ್ಲರಿಗೂ ಸಮಾನವಾದ ಒಂದು ಅಳತೆ ಇರುವುದರಿಂದಲೇ.

೩. ಹಳಿ ತಪ್ಪಿಸುವ ಯಂತ್ರ

ಏರಿಗೆ ಒಂದು, ಇಳಿಜಾರಿಗೆ ಒಂದು, ಸಮನೆಲಕ್ಕೆ ಒಂದು, ಹೀಗೆ ಹಲವು ದಂತಚಕ್ರಗಳು ಬೈಸಿಕಲ್ಲಿಗೆ ಇರಬೇಕೆಂಬ ವಾದವನ್ನು ಫ್ರಾನ್ಸಿನಲ್ಲಿ ಬಲವಾಗಿ ಮಂಡಿಸಿದವನು ಪಾಲ್ ದ ವಿವಿ ಎಂಬವನು. ೧೮೫೩ರಲ್ಲಿ ಹುಟ್ಟಿ ೧೯೩೦ರಲ್ಲಿ ತೀರಿಕೊಂಡ ಇವನು ವೆಲೊಸಿಯೊ ಎಂಬ ಕಾವ್ಯನಾಮದಿಂದ ಪ್ರಸಿದ್ಧನಾಗಿದ್ದನು. ಬೆಟ್ಟಗಳ ನಡುವಿನ ಸೇಂತ್ ಎತಿಯೆನ್ ನಗರದಲ್ಲಿ ನೆಲಸಿ, ಬೈಸಿಕಲ್ಲಿಗಾಗಿಯೇ ಒಂದು ಪತ್ರಿಕೆಯನ್ನು ನಡೆಸಿದನು. ಸರಪಣಿಯನ್ನು ಒಂದು ದಂತಚಕ್ರದಿಂದ ಮತ್ತೊಂದಕ್ಕೆ ತಳ್ಳುವ ಉಪಕರಣಕ್ಕೆ ಫ್ರೆಂಚರು ಡಿರೇಲರ್ ಎಂದು ಹೆಸರಿಟ್ಟರು. ಹಳಿ ತಪ್ಪಿಸುವುದು ಎಂದು ಆ ಮಾತಿನ ಅರ್ಥ. ರೈಲಿಗೆ ಅಪಾಯವಾದದ್ದು ಇಲ್ಲಿ ಉಪಾಯವಾಯಿತು.

ಪಂದ್ಯಗಳ ಅಧಿಕಾರಿಗಳು ಮಾತ್ರ ಇದನ್ನು ಬಹುಕಾಲ ಒಪ್ಪಲಿಲ್ಲ. ಯಂತ್ರದ ಸಹಾಯದಿಂದ ಏರನ್ನು ಹತ್ತುವುದು ಪೌರುಷಕ್ಕೆ ಕುಂದೆಂದು ಅವರ ಮತ. ಫ್ರಾನ್ಸಿನ ಮಹಾಪಂದ್ಯವಾದ ಟೂರ್ ದ ಫ್ರಾನ್ಸಿನಲ್ಲಿ ಡಿರೇಲರಿಗೆ ಅನುಮತಿ ದೊರೆತದ್ದು ೧೯೩೭ರಲ್ಲಿ. ಅದನ್ನು ಬಳಸಿದ ರೋಜೆ ಲಪೆಬಿಯೇ ಆ ವರ್ಷ ಗೆದ್ದನು. ತರುವಾಯ ಇಟಲಿಯ ಕಾಂಪನ್ಯೋಲೊ ಸಂಸ್ಥೆಯೂ, ಜಪಾನಿನ ಕಾರ್ಖಾನೆಗಳೂ ಈ ಉಪಕರಣವನ್ನು ಸುಧಾರಿಸಿದವು. ಸನ್‌ಟೂರ್ ಎಂಬ ಹೆಸರಿನಿಂದ ಸರಕನ್ನು ಮಾರುತ್ತಿದ್ದ ಜಪಾನಿನ ಮಾಯೆದಾ ಸಂಸ್ಥೆಯು ೧೯೬೪ರಲ್ಲಿ ಹೊಸ ರೀತಿಯ ಡಿರೇಲರನ್ನು ತಂದಿತು. ದಂತಚಕ್ರಗಳು ಚಿಕ್ಕದರಿಂದ ದೊಡ್ಡದಕ್ಕೆ ಓರೆಯಾಗಿ ಏರುವಂತೆಯೇ ಈ ಉಪಕರಣವೂ ಓರೆಯಾಗಿ ಚಲಿಸುತ್ತಿದ್ದುದರಿಂದ ಸರಪಣಿಯು ಸುಲಭವಾಗಿ ದಾಟುತ್ತಿತ್ತು. ಇದು ಹಕ್ಕುಪತ್ರದಿಂದ ರಕ್ಷಿತವಾಗಿದ್ದುದರಿಂದ ಇಪ್ಪತ್ತು ವರ್ಷ ಇತರರಿಗೆ ದಕ್ಕಲಿಲ್ಲ.

ಆ ಕಾಲದ ಏರ್ಪಾಡಿನಲ್ಲಿ ಒಂದು ದೊಡ್ಡ ಗುಣವಿದ್ದಿತು. ಡಿರೇಲರನ್ನು ಎಳೆಯುವ ಸನ್ನೆಯು ಎಲ್ಲಿ ಬೇಕಾದರೂ ನಿಲ್ಲುತ್ತಿತ್ತು; ಸವಾರನು ಕಿವಿಯಿಂದಲೂ ಕೈಯಿಂದಲೂ ಸರಿಯಾದ ಸ್ಥಾನವನ್ನು ತಿಳಿದುಕೊಳ್ಳುತ್ತಿದ್ದನು. ಆದುದರಿಂದ ಫ್ರೆಂಚರ ದಂತಚಕ್ರಕ್ಕೆ ಜಪಾನಿನ ಡಿರೇಲರ್, ಅದಕ್ಕೆ ಇಟಲಿಯ ಸನ್ನೆ, ಎಲ್ಲಕ್ಕೂ ಇನ್ನೊಂದು ಕಡೆಯ ಸರಪಣಿ, ಹೀಗೆ ಹೇಗೆ ಕೂಡಿಸಿದರೂ ಬಹುಮಟ್ಟಿಗೆ ನಡೆಯುತ್ತಿತ್ತು. ಅರ್ಧ ಅಂಗುಲವೇ ಅವುಗಳೆಲ್ಲದರ ನಡುವಿನ ಒಪ್ಪಂದ.

೪. ಟಾಮಲ್‌ಪಾಯಿಸ್ ಬೆಟ್ಟದ ಮೇಲೆ

ಈ ಒಪ್ಪಂದದ ಫಲವಾಗಿಯೇ ಬೆಟ್ಟದ ಬೈಸಿಕಲ್ಲು ಹುಟ್ಟಿತು. ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದಲ್ಲಿ, ಸಾನ್ ಫ್ರಾನ್ಸಿಸ್ಕೊ ನಗರದ ಉತ್ತರಕ್ಕೆ, ಮಾರಿನ್ ಎಂಬ ಸೀಮೆಯಲ್ಲಿ ಟಾಮಲ್‌ಪಾಯಿಸ್ ಬೆಟ್ಟವಿದೆ. ೧೯೭೦ರ ದಶಕದಲ್ಲಿ ಅಲ್ಲಿಯ ತರುಣರು ೧೯೩೦ರ ದಶಕದಲ್ಲಿ ತಯಾರಾದ, ದಪ್ಪ ಟೈರಿನ, ಭಾರವಾದ ಹಳೆಯ ಬೈಸಿಕಲ್ಲುಗಳನ್ನು ಅಲ್ಪ ಬೆಲೆಗೆ ಕೊಂಡು ಬೆಟ್ಟದಿಂದ ಕೆಳಕ್ಕೆ ಓಡಿಸುವ ವಿನೋದವನ್ನು ಹಚ್ಚಿಕೊಂಡರು. ೧೯೭೬ರ ಅಕ್ಟೋಬರ್ ೨೧ರಂದು ಚಾರ್ಲಿ ಕೆಲಿ ಎಂಬವನು ಏರ್ಪಡಿಸಿದ ಪಂದ್ಯವು ಈ ವಿನೋದಕ್ಕೆ ಒಂದು ರೂಪವನ್ನು ಕೊಟ್ಟಿತು. ಸುಮಾರು ಎರಡು ಮೈಲಿಯ ಆ ಹಾದಿಯು ೧೩೦೦ ಅಡಿಗಳಷ್ಟು ಕೆಳಕ್ಕೆ ಇಳಿಯುತ್ತದೆ. ಹಿಂದಿನ ಚಕ್ರದ ನಾಭಿಯೊಳಗಿನ ಬ್ರೇಕು ಕಾದು, ಅದರ ಗ್ರೀಸೆಲ್ಲ ಉರಿದು ಹೊಗೆಯಾಗಿ ಹೋಗುತ್ತಿದ್ದುದರಿಂದ ಒಂದು ಸಲ ಇಳಿದ ಮೇಲೆ ನಾಭಿಯನ್ನು ಬಿಚ್ಚಿ ಮತ್ತೆ ಗ್ರೀಸು ತುಂಬಬೇಕಾಗಿತ್ತು. ಮತ್ತೆ ತುಂಬುವುದು ಎಂಬ ಅರ್ಥದ ರೀಪ್ಯಾಕ್ ಎಂಬ ಹೆಸರೇ ಆ ಹಾದಿಗೆ ಬಂದಿತು. ದುರಸ್ತಿಯ ಹೆಸರನ್ನು ಹೊತ್ತ ಪಂದ್ಯದ ಹಾದಿಯು ಲೋಕದಲ್ಲಿ ಇನ್ನೊಂದಿರುವುದೋ ಇಲ್ಲವೋ!

ಇಳಿಯುವುದು ಸುಲಭವಾದರೂ ಹತ್ತುವುದು ಕಷ್ಟವಾಗಿತ್ತು. ಒಂದೇ ದಂತಚಕ್ರದ ಆ ಭಾರವಾದ ವಾಹನಗಳನ್ನು ಬೆಟ್ಟದ ಮೇಲಕ್ಕೆ ತಳ್ಳಿಕೊಂಡೇ ಹೋಗಬೇಕಾಗಿತ್ತು. ಆಗ ಅವರಲ್ಲಿ ಕೆಲವರಿಗೆ ಹಳೆಯ ಚೌಕಟ್ಟನ್ನು ಇಟ್ಟುಕೊಂಡು ಚಾಲನೆಯ ಅಂಗಗಳನ್ನೆಲ್ಲ ಬದಲಾಯಿಸುವ ಬುದ್ಧಿ ಹೊಳೆಯಿತು. ೧೯೭೪ರಲ್ಲಿಯೇ ಕ್ಯುಪರ್ಟಿನೊ ಎಂಬ ಊರಿನ ಕೆಲವು ಸವಾರರು ಡಿರೇಲರ್ ಕೂಡಿಸಿದ ಇಂಥ ಹಳೆಯ ಬೈಸಿಕಲ್ಲುಗಳನ್ನು ಮಾರಿನ್ ಸೀಮೆಗೆ ತಂದಿದ್ದರು. ಗ್ಯಾರಿ ಫಿಷರ್ ಮೊದಲಾದವರು ಫ್ರಾನ್ಸಿನ ಪ್ರವಾಸದ ಬೈಸಿಕಲ್ಲಿನ ಕ್ರ್ಯಾಂಕು, ಜಪಾನಿನ ಡಿರೇಲರ್, ಮೋಟಾರು ಸೈಕಲ್ಲಿನ ಬ್ರೇಕು ಹಿಡಿಗಳು, ಇವುಗಳನ್ನು ಕೂಡಿಸಿ ಹತ್ತುವುದಕ್ಕೂ ಇಳಿಯುವುದಕ್ಕೂ ತಕ್ಕ ವಾಹನವನ್ನು ಮಾಡಿಕೊಂಡರು. ೧೯೭೭ರಲ್ಲಿ ಜೋ ಬ್ರೀಜ್ ಎಂಬವನು ಈ ಕಾರ್ಯಕ್ಕಾಗಿಯೇ ಹೊಸ ಚೌಕಟ್ಟನ್ನು ಕಟ್ಟಿದನು. ೧೯೭೯ರಲ್ಲಿ ಫಿಷರ್ ಮತ್ತು ಕೆಲಿ ಇಬ್ಬರೂ ಟಾಮ್ ರಿಚಿಯು ಕಟ್ಟಿದ ಚೌಕಟ್ಟುಗಳಿಂದ ವ್ಯಾಪಾರವನ್ನು ಆರಂಭಿಸಿದರು. ೧೯೮೧ರಲ್ಲಿ ಸ್ಪೆಷಲೈಜ್ಡ್ ಸಂಸ್ಥೆಯು ಜಪಾನಿನಲ್ಲಿ ಮಾಡಿಸಿ ತಂದ ಸ್ಟಂಪ್‌ಜಂಪರ್ ಎಂಬ ಬೈಸಿಕಲ್ಲಿನಿಂದ ಇದು ಅಂಗಡಿಯ ಸರಕಾಯಿತು.

ಹೀಗೆ ಬೆಟ್ಟದ ಬೈಸಿಕಲ್ಲೆಂಬುದು ಯಾವನೋ ಒಬ್ಬ ಶಿಲ್ಪಿಯ ನಕಾಶೆಯಿಂದ ಹುಟ್ಟಿದುದಲ್ಲ. ಹಳೆಯ ಬೈಸಿಕಲ್ಲಿನ ಸವೆದ ಅಂಗಗಳನ್ನು ತೆಗೆದು ಬೇರೆ ಅಂಗಗಳನ್ನು ಹಾಕಿದ್ದೇ ಅದರ ಜನನ.

೫. ಸಕಾಯಿ ನಗರದ ಪ್ರಭಾವ

ಜಪಾನಿನ ಸಕಾಯಿ ಎಂಬ ನಗರವು ಪೂರ್ವದಿಂದ ಕತ್ತಿ, ಚೂರಿ, ಬಂದೂಕು ಮೊದಲಾದ ಕಬ್ಬಿಣದ ಕೆಲಸಕ್ಕೆ ಹೆಸರಾದದ್ದು. ಅಲ್ಲಿ ೧೯೨೧ರಲ್ಲಿ ಶೋಜಾಬುರೊ ಶಿಮಾನೊ ಎಂಬವನು ಒಂದು ಕಾರ್ಖಾನೆಯನ್ನು ತೆರೆದು, ಬೈಸಿಕಲ್ಲಿನ ಫ್ರೀವೀಲನ್ನು ಮಾಡಲು ತೊಡಗಿದನು. ಆ ಸಂಸ್ಥೆಯು ೧೯೮೨ರಲ್ಲಿ ಬೆಟ್ಟದ ಬೈಸಿಕಲ್ಲಿಗಾಗಿಯೇ ಅಂಗಗಳ ಒಂದು ತಂಡವನ್ನು ತಯಾರಿಸಿತು. ಅದೇ ವರ್ಷ ಸನ್‌ಟೂರಿನವರೂ ತಮ್ಮ ತಂಡವನ್ನು ತಂದರು. ಆಮೇಲೆ ನಡೆದುದೇ ಈ ಚರಿತ್ರೆಯ ಮುಖ್ಯವಾದ ತಿರುವು.

೧೯೮೪ರಲ್ಲಿ ಸನ್‌ಟೂರಿನ ಹಕ್ಕುಪತ್ರದ ಅವಧಿಯು ಮುಗಿಯಿತು. ಅದೇ ವರ್ಷ ಶಿಮಾನೊ ಸಂಸ್ಥೆಯು ಓರೆಯಾಗಿ ಚಲಿಸುವ ಡಿರೇಲರಿನ ಜೊತೆಗೆ ಹೊಸ ಸನ್ನೆಯೊಂದನ್ನು ಸೇರಿಸಿ ಪಂದ್ಯದ ಬೈಸಿಕಲ್ಲಿಗೆ ಹಾಕಿತು. ಈ ಸನ್ನೆಯು ಟಿಕ್ ಟಿಕ್ ಎಂದು ಗೊತ್ತಾದ ಸ್ಥಾನಗಳಲ್ಲಿಯೇ ನಿಲ್ಲುವುದು. ಒಂದು ಟಿಕ್ಕಿಗೆ ಒಂದು ದಂತಚಕ್ರ. ಕೆಲವೇ ವರ್ಷಗಳಲ್ಲಿ ಇದು ಬೆಟ್ಟದ ಬೈಸಿಕಲ್ಲಿಗೂ ಬಂದಿತು. ಕಲಿಯದವನೂ ತಪ್ಪಿಲ್ಲದೆ ದಂತಚಕ್ರವನ್ನು ಬದಲಾಯಿಸುವಂತಾದುದು ದೊಡ್ಡ ಉಪಕಾರವೇ ಸರಿ. ಆದರೆ ಈ ಉಪಕಾರಕ್ಕೆ ಬೆಲೆಯೂ ಇದ್ದಿತು. ಟಿಕ್ಕು ಸರಿಯಾಗಿ ಬೀಳಬೇಕಾದರೆ ಸನ್ನೆ ಎಳೆಯುವ ತಂತಿಯ ಉದ್ದ, ಡಿರೇಲರ್ ಚಲಿಸುವ ದೂರ, ದಂತಚಕ್ರಗಳ ನಡುವಿನ ಸಂದು, ಈ ಮೂರೂ ಒಂದೇ ಲೆಕ್ಕಕ್ಕೆ ಹೊಂದಿರಬೇಕು. ಬೇರೆ ಬೇರೆ ಮನೆಗಳ ಅಂಗಗಳು ಕೂಡಿ ಬಾಳುವ ಕಾಲವು ಮುಗಿಯುತ್ತ ಬಂದಿತು. ಒಂದೇ ಕುಟುಂಬದವು ಮಾತ್ರ ಒಂದರೊಡನೆ ಒಂದು ಮಾತಾಡತೊಡಗಿದವು.

೧೯೮೯ರಲ್ಲಿ ಶಿಮಾನೊ ಸಂಸ್ಥೆಯು ಹೈಪರ್‌ಗ್ಲೈಡ್ ಎಂಬ ದಂತಚಕ್ರಗಳನ್ನು ತಂದಿತು. ಹಲ್ಲುಗಳನ್ನು ಅಲ್ಲಲ್ಲಿ ತಗ್ಗಿಸಿ, ಪಕ್ಕದಲ್ಲಿ ಮೆಟ್ಟಿಲುಗಳಂತೆ ಕೊರೆದು, ಭಾರವಿದ್ದಾಗಲೂ ಸರಪಣಿಯು ನಯವಾಗಿ ದಾಟುವಂತೆ ಮಾಡಿದ ಯುಕ್ತಿ ಇದು. ಇದಕ್ಕೆ ಮೊದಲಿನ ಯೂನಿಗ್ಲೈಡ್ ದಂತಚಕ್ರಗಳನ್ನು, ಒಂದು ಪಕ್ಕ ಸವೆದರೆ, ತಿರುವಿ ಹಾಕಿ ಮತ್ತೊಂದು ಪಕ್ಕದಿಂದ ಬಳಸಬಹುದಾಗಿತ್ತು. ಎಂದರೆ ಒಂದು ಬೆಲೆಗೆ ಎರಡು ಆಯುಸ್ಸು. ಹೈಪರ್‌ಗ್ಲೈಡ್ ಒಂದೇ ಮುಖವಾಗಿ ಕೂಡತಕ್ಕುದಾದುದರಿಂದ ಆ ಸೌಕರ್ಯವು ಹೋಯಿತು. ಸನ್‌ಟೂರಿನವರಾದರೋ ಈ ಸ್ಪರ್ಧೆಯಲ್ಲಿ ಹಿಂದೆ ಬಿದ್ದು, ೧೯೯೦ರ ದಶಕದಲ್ಲಿ ಡಿರೇಲರ್ ಮಾಡುವುದನ್ನೇ ನಿಲ್ಲಿಸಿದರು. ಅವರ ಹೆಸರು ಬೇರೆ ಸಂಸ್ಥೆಯೊಡನೆ ಕೂಡಿ ಬೇರೆ ಸರಕಿನ ಮೇಲೆ ಉಳಿಯಿತು. ಅವರ ಟಿಕ್ಕಿನ ಲೆಕ್ಕಕ್ಕೆ ಹೊಂದುವ ಅಂಗಗಳನ್ನು ನಂಬಿಕೊಂಡಿದ್ದ ಬೈಸಿಕಲ್ಲುಗಳು ದಿಕ್ಕಿಲ್ಲದ ಮಕ್ಕಳಂತೆ ಆದವು.

ಹಾಗಾದರೆ ಸಂಸ್ಥೆಗಳು ಅರ್ಧ ಅಂಗುಲವನ್ನು ಏಕೆ ಬಿಟ್ಟವು? ಬಿಡಲಿಲ್ಲ, ಬಿಡಲು ಯತ್ನಿಸಿ ಸೋತವು. ೧೯೭೦ರ ದಶಕದ ಉತ್ತರಾರ್ಧದಲ್ಲಿ ಶಿಮಾನೊ ಸಂಸ್ಥೆಯು ಪಂದ್ಯದ ವರ್ತುಲಗಳಲ್ಲಿ ಓಡುವ ಬೈಸಿಕಲ್ಲಿಗಾಗಿ ೧೦ ಮಿಲಿಮೀಟರ್ ಅಂತರದ ಸರಪಣಿಯನ್ನೂ ಅದಕ್ಕೆ ಹೊಂದುವ ದಂತಚಕ್ರಗಳನ್ನೂ ತಯಾರಿಸಿತು. ಅವು ಚಿಕ್ಕವಾಗಿದ್ದವು, ಹಗುರವಾಗಿದ್ದವು. ಆದರೂ ಜನರು ಒಪ್ಪಲಿಲ್ಲ. ಕೆಲವು ವರ್ಷಗಳಲ್ಲಿ ಅವು ಮಾರುಕಟ್ಟೆಯಿಂದ ಮರೆಯಾದವು. ತರುವಾಯ ಸರಪಣಿಯು ಅಗಲದಲ್ಲಿ ತೆಳುವಾಗುತ್ತ ಹೋಯಿತು. ಹಿಂದಿನ ದಂತಚಕ್ರಗಳು ಆರರಿಂದ ಹನ್ನೆರಡಾದವು. ೨೦೧೨ರಲ್ಲಿ ಒಂದು ಸಂಸ್ಥೆಯೂ ೨೦೧೮ರಲ್ಲಿ ಮತ್ತೊಂದೂ ನಾಭಿಗೆ ದಂತಚಕ್ರವನ್ನು ಕೂಡಿಸುವ ಹೊಸ ಹೊಸ ರೀತಿಗಳನ್ನು ತಂದವು. ಆದರೆ ಹನ್ನೆರಡು ದಂತಚಕ್ರಗಳ ಮೇಲೆ ಓಡುವ ಸರಪಣಿಯ ಕೊಂಡಿಯೂ ಅರ್ಧ ಅಂಗುಲದ್ದೇ.

೬. ಮುದಿ ಬೈಸಿಕಲ್ಲಿನ ಜೀರ್ಣೋದ್ಧಾರ

ಈಗ ೧೯೮೦ರ ದಶಕದ ಕೊನೆಗೋ ೧೯೯೦ರ ದಶಕದ ಮೊದಲಿಗೋ ತಯಾರಾದ ಬೆಟ್ಟದ ಬೈಸಿಕಲ್ಲೊಂದು ಯಾವುದೋ ಮನೆಯ ಮೂಲೆಯಲ್ಲಿ ನಿಂತಿದೆಯೆಂದು ಎಣಿಸೋಣ. ಉಕ್ಕಿನ ಚೌಕಟ್ಟು ಗಟ್ಟಿಯಾಗಿದೆ, ಸರಪಣಿಯು ಜೋಲುಬಿದ್ದಿದೆ, ಹಲ್ಲುಗಳು ಕೊಕ್ಕೆಯಾಗಿವೆ. ಇದನ್ನು ಗುಜರಿಗೆ ಹಾಕಬೇಕೇ, ಉಳಿಸಬೇಕೇ? ಮೇಲೆ ಹೇಳಿದ ಚರಿತ್ರೆಯೇ ಇದಕ್ಕೆ ಉತ್ತರವನ್ನು ಕೊಡುವುದು.

ಮೊದಲು ಸರಪಣಿ. ಆರು, ಏಳು, ಎಂಟು ದಂತಚಕ್ರಗಳ ಬೈಸಿಕಲ್ಲುಗಳಿಗೆ ಒಂದೇ ಅಗಲದ ಸರಪಣಿಯು ಸಲ್ಲುವುದು. ಅದು ಇಂದಿಗೂ ಸುಲಭವಾಗಿ ದೊರೆಯುವುದು. ಹೊಸದನ್ನು ಹಳೆಯದರ ಪಕ್ಕದಲ್ಲಿಟ್ಟು ಉದ್ದವನ್ನು ನೋಡಿ ಕತ್ತರಿಸಬಾರದು. ಹಳೆಯದು ಬೆಳೆದಿರುವುದರಿಂದ ಮೋಸವಾಗುವುದು. ಕೊಂಡಿಗಳನ್ನು ಎಣಿಸಿಯೇ ಕತ್ತರಿಸಬೇಕು.

ಎರಡನೆಯದು ಹಿಂದಿನ ದಂತಚಕ್ರಗಳು. ಇವು ಎರಡು ವಿಧ. ಫ್ರೀವೀಲಾದರೆ ದಂತಚಕ್ರಗಳೂ ತಿರುಗುವ ಕೀಲೂ ಒಂದೇ ಗಡ್ಡೆಯಾಗಿ ನಾಭಿಗೆ ತಿರುಪಿನಿಂದ ಕೂಡಿರುತ್ತವೆ. ತುಳಿದಷ್ಟೂ ತಿರುಪು ಬಿಗಿಯುವುದರಿಂದ ವರ್ಷಗಳ ತುಳಿತವನ್ನೆಲ್ಲ ಬಿಡಿಸಲು ಸರಿಯಾದ ಉಪಕರಣವೂ ಉದ್ದವಾದ ಪಾನವೂ ಬೇಕು. ಸನ್‌ಟೂರಿನ ಫ್ರೀವೀಲುಗಳಿಗೆ ಎರಡು ಕಚ್ಚಿನದು, ನಾಲ್ಕು ಕಚ್ಚಿನದು ಎಂದು ಬೇರೆ ಬೇರೆ ಉಪಕರಣಗಳುಂಟು. ಅದನ್ನು ಒಮ್ಮೆ ಬಿಚ್ಚಿದರೆ ಸಾಕು. ತಿರುಪಿನ ಅಳತೆಯು ಸಾಮಾನ್ಯವಾದುದರಿಂದ ಇಂದಿನ ಫ್ರೀವೀಲು ಅದೇ ಸ್ಥಾನದಲ್ಲಿ ಕೂಡುವುದು. ಎರಡನೆಯ ವಿಧದಲ್ಲಿ ತಿರುಗುವ ಕೀಲು ನಾಭಿಯಲ್ಲಿಯೇ ಉಳಿದು, ದಂತಚಕ್ರಗಳು ಮಾತ್ರ ಗೀರುಗಳ ಮೇಲೆ ಜಾರಿ ಕೂಡುತ್ತವೆ. ಅದು ಹೈಪರ್‌ಗ್ಲೈಡ್ ಆದರೆ ತೊಂದರೆಯಿಲ್ಲ. ಏಳು ದಂತಚಕ್ರಗಳನ್ನು ಎಂಟರ ಉದ್ದದ ನಾಭಿಗೆ ಹಾಕಬೇಕಾದರೂ ೪.೫ ಮಿಲಿಮೀಟರ್ ದಪ್ಪದ ಒಂದು ಬಳೆಯನ್ನು ಹಿಂದೆ ಇಟ್ಟರೆ ಸರಿಹೋಗುವುದು. ಯೂನಿಗ್ಲೈಡ್ ನಾಭಿಯಾದರೆ ಸಮಸ್ಯೆಯೇ. ಹೊಸ ದಂತಚಕ್ರದ ಒಳಅಂಚಿನಲ್ಲಿ ಅಗಲವಾಗಿರುವ ಒಂದು ಕಚ್ಚನ್ನು ಅರದಿಂದ ತೇಯ್ದು ಹೊಂದಿಸಿಕೊಳ್ಳುವ ಜಾಣರು ಉಂಟು. ಆದರೆ ತಿರುಪಿನಿಂದ ಬಿಗಿಯುವ ಕೊನೆಯ ಚಿಕ್ಕ ದಂತಚಕ್ರವು ಮಾತ್ರ ಹಳೆಯದೇ ಆಗಿರಬೇಕು.

ಮೂರನೆಯದು ಮುಂದಿನ ದಂತಚಕ್ರಗಳು. ಇವು ನಿಧಾನವಾಗಿ ಸವೆಯುತ್ತವೆ. ಆ ಕಾಲದಲ್ಲಿ ಬಹಳ ಬಳಕೆಯಲ್ಲಿದ್ದ, ಐದು ತೋಳಿನ, ೧೧೦ ಮಿಲಿಮೀಟರ್ ವೃತ್ತದ ಕ್ರ್ಯಾಂಕಿಗೆ ದಂತಚಕ್ರಗಳು ಇಂದಿಗೂ ದೊರೆಯುತ್ತವೆ. ಪೆಡಲಿನ ಅಚ್ಚು ಅಲುಗಾಡುತ್ತಿದ್ದರೆ ಅದನ್ನೂ 바ದಲಾಯಿಸಬಹುದು. ಆಂಗ್ಲೇಯರ ಅಳತೆಯ ಚೌಕಟ್ಟಿನಲ್ಲಿ ಬಲಗಡೆಯ ಬಟ್ಟಲಿನ ತಿರುಪು ವಿರುದ್ಧವಾಗಿರುವುದೆಂಬುದನ್ನು ಮಾತ್ರ ಮರೆಯಬಾರದು. ಇದನ್ನರಿಯದೆ ಬಿಚ್ಚುವೆನೆಂದು ಇನ್ನಷ್ಟು ಬಿಗಿದು ಎಳೆಗಳನ್ನು ಹಾಳುಮಾಡಿದವರು ಅನೇಕರು.

ಕೊನೆಯದು ಸನ್ನೆ. ಆ ಕಾಲದ ಹೆಬ್ಬೆರಳಿನ ಸನ್ನೆಗಳಲ್ಲಿ ಅನೇಕವುಗಳನ್ನು ಟಿಕ್ಕಿನ ಕ್ರಮದಿಂದ ಹಳೆಯ ಸ್ವತಂತ್ರ ಕ್ರಮಕ್ಕೆ ತಿರುಗಿಸುವ ಏರ್ಪಾಡು ಇರುತ್ತಿತ್ತು. ಹೊಸ ದಂತಚಕ್ರಗಳ ಸಂದು ಟಿಕ್ಕಿಗೆ ಹೊಂದದಿದ್ದರೆ ಹಾಗೆ ತಿರುಗಿಸಿಕೊಂಡರಾಯಿತು. ಕಿವಿಯೂ ಕೈಯೂ ಮಿಕ್ಕ ಕೆಲಸವನ್ನು ಮಾಡುತ್ತವೆ. ತನ್ನ ಯುಕ್ತಿಯು ಒಂದು ದಿನ ಹಳತಾಗುವುದೆಂದು ತಿಳಿದ ಶಿಲ್ಪಿಯು, ಆ ದಿನಕ್ಕಾಗಿ ಒಂದು ಹಿಂಬಾಗಿಲನ್ನು ಇಟ್ಟು ಹೋದಂತಿದೆ.

ಈ ಕ್ರಮವನ್ನು ಪರಿಶೀಲಿಸಿದರೆ ಒಂದು ವಿಷಯವು ತಾನಾಗಿಯೇ ಹೊರಪಡುವುದು. ಎಲ್ಲರಿಗೂ ಸಾಮಾನ್ಯವಾದ ಅಳತೆ ಎಲ್ಲಿದ್ದಿತೋ ಅಲ್ಲಿ ದುರಸ್ತಿಯು ಸುಲಭವಾಗಿದೆ. ಒಂದು ಮನೆಯ ಗುಟ್ಟಾದ ಅಳತೆ ಎಲ್ಲಿದ್ದಿತೋ ಅಲ್ಲಿ ಆ ಮನೆಯ ಮನಸ್ಸು ಬದಲಾದೊಡನೆ ದಾರಿ ಮುಚ್ಚಿದೆ. ಸವೆತವು ಯಾವ ಯಂತ್ರಕ್ಕೂ ತಪ್ಪಿದ್ದಲ್ಲ. ರೆನಾಲ್ಡನೇ ಅದನ್ನು ಗೆಲ್ಲಲಾರದೆ ಹೋದನು. ಆದರೆ ಸವೆತವು ಮರಣವಾಗುವುದೋ ಅಥವಾ ಬರಿಯ ಖರ್ಚಾಗುವುದೋ ಎಂಬುದು ಉಕ್ಕಿನ ಗುಣವನ್ನು ಅವಲಂಬಿಸಿದ್ದಲ್ಲ. ಮನುಷ್ಯರು ತಮ್ಮೊಳಗೆ ಮಾಡಿಕೊಂಡ ಒಪ್ಪಂದವನ್ನು ಅವಲಂಬಿಸಿದ್ದು. ಸೇರು ಪಾವುಗಳು ಊರಿಗೊಂದು ಬಗೆಯಾಗಿದ್ದ ಕಾಲದಲ್ಲಿ ಸಂತೆಗೆ ಹೋದವನು ಪಟ್ಟ ಕಷ್ಟವನ್ನು ಬಲ್ಲ ಹಿರಿಯರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಮ್ಯಾಂಚೆಸ್ಟರಿನ ಕಾರ್ಖಾನೆಯಲ್ಲಿ ಹುಟ್ಟಿದ ಸರಪಣಿಯು ಕಾವೆಂಟ್ರಿ, ಸೇಂತ್ ಎತಿಯೆನ್, ಟಾಮಲ್‌ಪಾಯಿಸ್, ಸಕಾಯಿಗಳನ್ನು ದಾಟಿ ಬಂದಿದೆ. ಅದನ್ನು ಕಲ್ಪಿಸಿದವರೂ ಅದರ ಮೇಲೆ ಪಂದ್ಯಗಳನ್ನು ಗೆದ್ದವರೂ ಬಹುಮಂದಿ ಈಗಿಲ್ಲ. ಮನೆಯ ಮೂಲೆಯ ಮುದಿ ಬೈಸಿಕಲ್ಲಿನ ಜೋಲುಬಿದ್ದ ಸರಪಣಿಯ ಮೇಲೆ ಅಳತೆಗೋಲನ್ನು ಹಿಡಿದು, ಹನ್ನೆರಡು ಅಂಗುಲದ ಗೆರೆಯನ್ನು ಗೂಟವು ಎಷ್ಟು ದಾಟಿದೆಯೆಂದು ನೋಡುವವನಿಗೆ ಅವರು ಬಿಟ್ಟುಹೋದ ಆಸ್ತಿಯು ಆ ಅರ್ಧ ಅಂಗುಲವೇ.